ಎರಡು ಮಾತಿನ ಮಿದುಳು

ಮೊದಲು ನಿಮಗೊಂದು ಪ್ರಶ್ನೆ. ನಿಮ್ಮ ಮನೆಮಾತು ಕನ್ನಡ. ದೇವರ ಮುಂದೆ ಕನ್ನಡ, ಹೊಲದಾಗ ಎತ್ತಿನ ಜೊತೆಗೂ ಕನ್ನಡ. ಆದರೆ ಸಂತೆಯಲ್ಲಿ ಉಳ್ಳಾಗಡ್ಡಿ ಮಾರಿದ ರೊಕ್ಕವನ್ನು ಮನಸ್ಸಿನೊಳಗೇ ಎಣಿಸುವಾಗ ಯಾವ ಭಾಷೆಯಲ್ಲಿ ಎಣಿಸುತ್ತೀರಿ? ನನ್ನನ್ನು ಕೇಳಿದರೆ, ಮರಾಠಿಯಲ್ಲಿ. ಅಕ್ಕಲಕೋಟ ಸೀಮೆಯ ಹಳ್ಳಿಯ ಮರಾಠಿ ಶಾಲೆಯಲ್ಲಿ ಮಗ್ಗಿ ಕಲಿತವನು ನಾನು. ಬ್ಯಾಂಕಿನಲ್ಲಿ ಕ್ಲಾರ್ಕನಾಗಿ 37 ವರ್ಷ ನೋಟು ಎಣಿಸಿದೆ. ಒಂದು ದಿನವೂ ಕನ್ನಡದಲ್ಲಿ ಎಣಿಸಿದ ನೆನಪಿಲ್ಲ. ಎಣಿಸುವಾಗ ಯಾರಾದರೂ ಅಡ್ಡ ಬಂದರೆ ಸಿಟ್ಟು ಮಾತ್ರ ಕನ್ನಡದಲ್ಲೇ ಬರುತ್ತಿತ್ತು.

ಒಂದೇ ತಲೆಯೊಳಗೆ ಇದು ಹೇಗೆ ಎಂದು ಆಗ ಯೋಚಿಸಿರಲಿಲ್ಲ. ಯೋಚಿಸುವ ಪ್ರಸಂಗ ಎರಡು ಸಲ ಬಂತು. ಒಂದು ಕೌಂಟರಿನಲ್ಲಿ, ಇನ್ನೊಂದು ನನ್ನ ಮನೆಯಲ್ಲಿ.

ಕೌಂಟರಿನದು 1988ರ ಮಾತು. ಒಬ್ಬ ಮುತ್ಯಾ ಹಣ ತೆಗೆಯಲು ಬಂದರು. ಚೀಟಿಯ ಮೇಲೆ ಸಹಿ ಅಂದರೆ ನಾಲ್ಕು ಸೊಟ್ಟ ಗೆರೆ. ದಫ್ತರದಲ್ಲಿರುವ ಸಹಿಗೂ ಇದಕ್ಕೂ ಸಂಬಂಧವಿಲ್ಲ. "ಹೆಸರು ಹೇಳ್ರಿ" ಎಂದೆ. ಅವರು ಬಾಯಿ ತೆರೆದರು, "ತ... ತ..." ಎಂದರು, ಮುಂದೆ ಬರಲಿಲ್ಲ. ತುಟಿಯ ಒಂದು ಅಂಚು ಜೋತಿತ್ತು. ನಾನು ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ, "ಯಾಕ ಮುತ್ಯಾ, ಮುಂಜಾನೇನ ಏರಿಸ್ಕೊಂಡು ಬಂದೀರೇನು?" ಎಂದೆ. ಜನ ನಕ್ಕರು. ಮುತ್ಯಾನ ಕಣ್ಣಲ್ಲಿ ನೀರು ಬಂತು. ನಾನು ಅಂದದ್ದೆಲ್ಲ ಅವರಿಗೆ ತಿಳಿದಿತ್ತು, ಉತ್ತರ ಕೊಡಲು ಮಾತ್ರ ಆಗುತ್ತಿರಲಿಲ್ಲ. ಮರುದಿನ ಮಗನ ಜೊತೆ ಬಂದರು. ತಿಂಗಳ ಹಿಂದೆ ಲಕ್ವಾ ಹೊಡೆದಿತ್ತಂತೆ. ಸಹಿ ಮಾಡಲಾಗದ ರೋಗಿಯ ಹೆಬ್ಬೆಟ್ಟಿನ ಗುರುತನ್ನು ಇಬ್ಬರು ಸಾಕ್ಷಿಗಳ ಎದುರು ಪಡೆದು ಹಣ ಕೊಡಲು ನಿಯಮವೇ ಇದೆ. ಅದು ನನಗೂ ಗೊತ್ತಿತ್ತು. ಹಿಂದಿನ ದಿನ ನೆನಪಾಗಲಿಲ್ಲ, ಅಷ್ಟೆ.

ಆ ಮುತ್ಯಾನ ತಲೆಯೊಳಗೆ ಏನಾಗಿತ್ತು?

ನಮ್ಮ ಮಿದುಳಿನ ತೂಕ ಸುಮಾರು 1,300ರಿಂದ 1,400 ಗ್ರಾಂ. ಮೈಯ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ನಾವು ಉಸಿರಾಡಿ ಪಡೆಯುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದೇ ತಿನ್ನುತ್ತದೆ. ಅದರಲ್ಲಿ ಉಳಿತಾಯ ಖಾತೆ ಎಂಬುದು ಇಲ್ಲ. ರಕ್ತ ನಿಂತರೆ ಕೆಲವೇ ನಿಮಿಷಗಳಲ್ಲಿ ಜೀವಕೋಶಗಳು ಸಾಯತೊಡಗುತ್ತವೆ. ಮಿದುಳಿನ ನರಕೋಶಗಳು ಎಷ್ಟೆಂದು ಬ್ರೆಜಿಲ್ ದೇಶದ ವಿಜ್ಞಾನಿಗಳು 2009ರಲ್ಲಿ ಲೆಕ್ಕ ಹಾಕಿದರು. ಸುಮಾರು 8,600 ಕೋಟಿ. ಒಂದೊಂದು ಕೋಶವೂ ಸಾವಿರಾರು ಬೇರೆ ಕೋಶಗಳೊಡನೆ ವ್ಯವಹಾರ ಇಟ್ಟುಕೊಂಡಿದೆ. ಕೋಶಕ್ಕೂ ಕೋಶಕ್ಕೂ ನಡುವೆ ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದಾದ ಸಂದು. ಕೋಶದ ಎಳೆಯಲ್ಲಿ ವಿದ್ಯುತ್ತಿನ ಮಿಡಿತವಾಗಿ ಬಂದ ಸುದ್ದಿ ಆ ಸಂದಿನಲ್ಲಿ ರಾಸಾಯನಿಕವಾಗಿ ದಾಟುತ್ತದೆ.

ಇದು ಹೆಡ್ ಆಫೀಸು ಎನ್ನಿ. ಬೆನ್ನುಹುರಿ ಅದರ ದೊಡ್ಡ ಶಾಖೆ. ಮಿದುಳಿನಿಂದ 12 ಜೊತೆ ನರಗಳು, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಟು ಮೈಯೆಲ್ಲ ಹರಡಿವೆ. ಶಾಖೆಗೂ ಸ್ವಲ್ಪ ಅಧಿಕಾರ ಉಂಟು. ತಾಯಂದಿರಿಗೆ ಇದು ದಿನಾಲೂ ಅನುಭವ. ರೊಟ್ಟಿ ಬೇಯಿಸುವಾಗ ಬೆರಳು ಹಂಚಿಗೆ ತಗಲುತ್ತದೆ. "ಅಯ್ಯೋ" ಅನ್ನುವ ಮೊದಲೇ ಕೈ ಹಿಂದೆ ಬಂದಿರುತ್ತದೆ. ಆ ಮಂಜೂರಾತಿ ಬೆನ್ನುಹುರಿಯದೇ. ಮಿದುಳಿಗೆ ಸುದ್ದಿ ಆಮೇಲೆ ಮುಟ್ಟುತ್ತದೆ. ಇನ್ನೊಂದು ಗಮನಿಸಿ: ಮೊದಲು ಚುರುಕ್ ಎಂಬ ನೋವು, ಒಂದು ಕ್ಷಣ ಬಿಟ್ಟು ಉರಿ. ನೋವಿಗೆ ಎರಡು ಬಗೆಯ ತಂತುಗಳಿವೆ. ಒಂದು ವೇಗದ್ದು, ಇನ್ನೊಂದು ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ನಮ್ಮ ನಡಿಗೆಯಷ್ಟೇ ನಿಧಾನವಾದದ್ದು. ಎಲ್ಲಕ್ಕಿಂತ ವೇಗದ ತಂತುಗಳು, ಸ್ನಾಯುವಿಗೆ ಸಂಬಂಧಿಸಿದವು, ಸೆಕೆಂಡಿಗೆ ನೂರು ಮೀಟರಿಗೂ ಮೀರಿ ಓಡುತ್ತವೆ.

ಈಗ ಮುತ್ಯಾನ ಬಲಗೈಗೆ ಬರೋಣ. ಹಿರಿಮಿದುಳು ಎರಡು ಹೋಳು. ಕೈಕಾಲಿಗೆ ಆಜ್ಞೆ ಒಯ್ಯುವ ತಂತುಗಳಲ್ಲಿ ಬಹುಪಾಲು ಮಿದುಳಿನ ಬುಡದಲ್ಲಿ, ಕತ್ತಿನ ಮೇಲ್ತುದಿಯ ಹತ್ತಿರ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಆದ್ದರಿಂದ ಬಲಗೈಯ ಯಜಮಾನ ಎಡಮಿದುಳು. ಮಾತಿನ ಕಾರಭಾರವೂ ಹೆಚ್ಚಿನವರಲ್ಲಿ ಎಡಮಿದುಳಿನದೇ. ಎಡಭಾಗದ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ಬಲಗೈಯೂ ಮಾತೂ ಒಟ್ಟಿಗೇ ಹೋಗುವುದು ಇದರಿಂದಲೇ. ಎಡಗೈಗೆ ಲಕ್ವಾ ಹೊಡೆದವರು ಎಷ್ಟೋ ಸಲ ಚೆನ್ನಾಗಿಯೇ ಮಾತಾಡುತ್ತಾರೆ.

ಇದನ್ನು ಮೊದಲು ತೋರಿಸಿಕೊಟ್ಟ ರೋಗಿಯ ಕಥೆ ಕೇಳಿದರೆ ನನಗೆ ನಮ್ಮ ಮುತ್ಯಾನೇ ಕಣ್ಣಮುಂದೆ ಬರುತ್ತಾರೆ. ಪ್ಯಾರಿಸ್ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬಾತ 21 ವರ್ಷ ಇದ್ದ. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು "ತಾಂ" ಎಂಬ ಒಂದೇ ಶಬ್ದ. ಎಲ್ಲರೂ ಅವನನ್ನು ಅದೇ ಹೆಸರಿನಿಂದ ಕರೆಯುತ್ತಿದ್ದರು. ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತಿತ್ತು. ಬಲಗೈ ಬಲಗಾಲು ಬಿದ್ದುಹೋಗಿದ್ದವು. 1861ರ ಏಪ್ರಿಲಿನಲ್ಲಿ ಅವನು ತೀರಿಕೊಂಡ ಮೇಲೆ ಪಾಲ್ ಬ್ರೋಕಾ ಎಂಬ ವೈದ್ಯ ಮಿದುಳನ್ನು ತೆಗೆದು ನೋಡಿದ. ಎಡಭಾಗದಲ್ಲಿ, ಹಣೆಯ ಹಿಂದೆ, ಒಂದು ಜಾಗ ಹಾಳಾಗಿತ್ತು. ಆ ಜಾಗಕ್ಕೆ ಇಂದಿಗೂ ಬ್ರೋಕಾನ ಹೆಸರೇ ಇದೆ. 1874ರಲ್ಲಿ ಜರ್ಮನಿಯ ವೆರ್ನಿಕೆ ಇನ್ನೊಂದು ಜಾಗವನ್ನು ಗುರುತಿಸಿದ. ಎಡಕಿವಿಯ ಹತ್ತಿರದ ಆ ಭಾಗ ಕೆಟ್ಟರೆ ರೋಗಿ ಸರಾಗವಾಗಿ ಮಾತಾಡುತ್ತಾನೆ, ಆದರೆ ಅದಕ್ಕೆ ಅರ್ಥವಿರುವುದಿಲ್ಲ, ಬೇರೆಯವರ ಮಾತೂ ತಿಳಿಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಇಂಥವರಿಗೆ ಹುಚ್ಚು ಹಿಡಿದಿದೆ ಅನ್ನುತ್ತಾರೆ. ಹುಚ್ಚಲ್ಲ ಅದು. ಇಂದಿನ ವಿಜ್ಞಾನಿಗಳು ಮಾತು ಬರೀ ಎರಡು ಜಾಗದ ಕೆಲಸವಲ್ಲ, ಹಲವು ಭಾಗಗಳ ಜಾಲ ಅನ್ನುತ್ತಾರೆ.

ಇದನ್ನೆಲ್ಲ ನಾನು ಓದಿದ್ದು ತಡವಾಗಿ. ಮೆಟ್ರಿಕ್‌ವರೆಗಿನ ವಿದ್ಯೆ ನನ್ನದು. ಪುಸ್ತಕ ಹುಡುಕುವಂತೆ ಮಾಡಿದ್ದು 2019ರ ಒಂದು ಮುಂಜಾವು.

ಆರೂವರೆ ಗಂಟೆ. ನನ್ನ ಹೆಂಡತಿ ಚಹಾ ತರುತ್ತಿದ್ದಳು. ಬಲಗೈಯಿಂದ ಕಪ್ಪು-ಬಸಿ ಬಿತ್ತು. "ಏನಾತು?" ಎಂದೆ. ಬಾಯಿ ಸೊಟ್ಟಗಾಗಿತ್ತು, ಮಾತು ಬರಲಿಲ್ಲ. ಆ ಮುತ್ಯಾನನ್ನು ನೋಡಿದ್ದ ನನಗೆ ಆ ಕ್ಷಣವೇ ತಿಳಿಯಬೇಕಿತ್ತು. ಅಷ್ಟರಲ್ಲಿ ಓಣಿಯವರು ಕೂಡಿದರು. "ಗಾಳಿ ಬಡದದ, ಎಣ್ಣಿ ತಿಕ್ಕ್ರಿ" ಎಂದರು ಒಬ್ಬರು. ಲಕ್ವಾದ ಔಷಧಿ ಕೊಡುವವರನ್ನು ಕರೆತರಲು ಇನ್ನೊಬ್ಬರು ಮೋಟರ್‌ಸೈಕಲ್ ಹತ್ತಿದರು. ನಾನು ಎಣ್ಣೆ ಬಿಸಿಮಾಡುತ್ತ ಕುಳಿತೆ. ಸೋಲಾಪುರದ ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು. ಅಕ್ಕಲಕೋಟದಿಂದ ಸೋಲಾಪುರ ಸುಮಾರು 40 ಕಿಲೋಮೀಟರ್, ದೊಡ್ಡ ದೂರವೇನಲ್ಲ. ಸ್ಕ್ಯಾನ್ ಮಾಡಿ ಡಾಕ್ಟರು, ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ ಎಂದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಉಂಟು, ಆದರೆ ಅದನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು ಎಂದರು. ಆರೂವರೆಯಿಂದ ಹನ್ನೆರಡು, ಐದೂವರೆ ತಾಸು. ಒಂದು ತಾಸು ತಡ.

2006ರಲ್ಲಿ ಅಮೆರಿಕದ ಒಬ್ಬ ವೈದ್ಯರು ಮಾಡಿದ ಲೆಕ್ಕವನ್ನು ಆಮೇಲೆ ಓದಿದೆ. ದೊಡ್ಡ ರಕ್ತನಾಳ ಕಟ್ಟಿದಾಗ ಚಿಕಿತ್ಸೆ ಸಿಗದಿದ್ದರೆ ಸರಾಸರಿ ನಿಮಿಷಕ್ಕೆ 19 ಲಕ್ಷ ನರಕೋಶಗಳು ಸಾಯುತ್ತವೆ. ಕ್ಲಾರ್ಕನ ಕೈ ಸುಮ್ಮನಿರುವುದಿಲ್ಲ. ಐದೂವರೆ ತಾಸಿಗೆ 62 ಕೋಟಿ 70 ಲಕ್ಷ. ಸರಾಸರಿಯ ಲೆಕ್ಕ ಒಬ್ಬ ರೋಗಿಗೆ ಹೊಂದಲಿಕ್ಕಿಲ್ಲ, ನನಗೆ ಗೊತ್ತು. ಆದರೂ ಆ ಅಂಕಿಯನ್ನು ಒಂದು ಚೀಟಿಯ ಮೇಲೆ ಬರೆದಿಟ್ಟಿದ್ದೇನೆ.

ಆದ್ದರಿಂದ ಬಂಧುಗಳೇ, ಇಷ್ಟು ನೆನಪಿಡಿ. ನಗಲು ಹೇಳಿ, ಮುಖ ಒಂದು ಕಡೆ ಜೋಲುತ್ತದೆಯೇ ನೋಡಿ. ಎರಡೂ ಕೈ ಎತ್ತಲು ಹೇಳಿ, ಒಂದು ಕೆಳಗಿಳಿಯುತ್ತದೆಯೇ ನೋಡಿ. ಹೆಸರು ಕೇಳಿ, ಮಾತು ತೊದಲುತ್ತದೆಯೇ ನೋಡಿ. ಇವುಗಳಲ್ಲಿ ಒಂದು ಇದ್ದರೂ ಗಡಿಯಾರ ನೋಡಿಕೊಂಡು 108ಕ್ಕೆ ಫೋನು ಮಾಡಿ. ರೋಗಿ ಚೆನ್ನಾಗಿದ್ದದ್ದನ್ನು ಕೊನೆಗೆ ನೋಡಿದ ಹೊತ್ತನ್ನು ಡಾಕ್ಟರಿಗೆ ಹೇಳಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ರಕ್ತ ಕಟ್ಟಿದೆಯೋ, ನಾಳ ಒಡೆದು ಸೋರಿದೆಯೋ ಹೊರಗಿನಿಂದ ತಿಳಿಯುವುದಿಲ್ಲ, ಎರಡಕ್ಕೂ ಔಷಧ ಬೇರೆ. ಬಾಯಿಗೆ ನೀರು, ಚಹಾ, ಗುಳಿಗೆ ಏನೂ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸನಾಳಕ್ಕೆ ಇಳಿದೀತು. ತಡವಾಯಿತೆಂದು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಕೆಲವು ರೋಗಿಗಳಿಗೆ ಈಗ ದೊಡ್ಡ ಆಸ್ಪತ್ರೆಗಳಲ್ಲಿ 24 ತಾಸಿನವರೆಗೂ ಹೆಪ್ಪನ್ನು ತಂತಿಯಿಂದ ಎಳೆದು ತೆಗೆಯುತ್ತಾರೆ. ಇದರ ದೊಡ್ಡ ಕಾರಣ ರಕ್ತದೊತ್ತಡ. ನನ್ನ ಹೆಂಡತಿ ಅದರ ಗುಳಿಗೆಯನ್ನು "ಆರಾಮ ಆಗೀನಿ" ಎಂದು ಬಿಟ್ಟಿದ್ದಳು. ನಾನು ಕೇಳಿರಲಿಲ್ಲ.

ಇನ್ನು ಎರಡು ಭಾಷೆಯ ವಿಚಾರ. ಅವಳ ತವರು ಜತ್ ಕಡೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಲಕ್ವಾ ಹೊಡೆದರೆ ಎರಡರಲ್ಲಿ ಯಾವುದು ಮೊದಲು ಮರಳುತ್ತದೆ? ಬಹಳ ಹಿಂದೆಯೇ ಇದರ ಚರ್ಚೆ ನಡೆದಿದೆ. ಫ್ರಾನ್ಸಿನ ರಿಬೋ 1881ರಲ್ಲಿ, ಮೊದಲು ಕಲಿತದ್ದು ಕೊನೆಗೆ ಹೋಗುತ್ತದೆ ಎಂಬ ವಿಚಾರ ಮುಂದಿಟ್ಟ. ಪಿತ್ರ್ ಎಂಬ ಇನ್ನೊಬ್ಬ 1895ರಲ್ಲಿ, ಹೆಚ್ಚು ಬಳಕೆಯಲ್ಲಿದ್ದದ್ದೇ ಮೊದಲು ಮರಳುತ್ತದೆ ಎಂದ. ಇಬ್ಬರ ಮಾತೂ ಎಲ್ಲರಿಗೂ ಹೊಂದಲಿಲ್ಲ. ಹೆಚ್ಚಿನ ರೋಗಿಗಳಲ್ಲಿ ಎರಡೂ ಭಾಷೆ ಜೊತೆಜೊತೆಗೇ ಸುಧಾರಿಸುತ್ತವೆ. ಕೆಲವರಲ್ಲಿ ಒಂದು ಮುಂದೆ, ಒಂದು ಹಿಂದೆ. ಎರಡಕ್ಕೂ ಮಿದುಳಿನಲ್ಲಿ ಬೇರೆಬೇರೆ ಕೋಣೆಗಳಿಲ್ಲ. ಬಹುಪಾಲು ಒಂದೇ ಜಾಲವನ್ನು ಎರಡೂ ಬಳಸುತ್ತವೆ.

ನಮ್ಮಂಥವರಿಗೆ ಸಂಬಂಧಿಸಿದ ಅಭ್ಯಾಸ ಒಂದು ಹೈದರಾಬಾದಿನಲ್ಲಿ ನಡೆದಿದೆ. ನಿಜಾಮ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಮರೆವಿನ ರೋಗದ 648 ಜನರನ್ನು ನೋಡಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಬಲ್ಲವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲಿಯೂ ಈ ಅಂತರವಿತ್ತು. 2013ರಲ್ಲಿ ಇದು ಪ್ರಕಟವಾಯಿತು. 2016ರಲ್ಲಿ ಲಕ್ವಾ ಹೊಡೆದ 608 ಜನರ ವರದಿ ಬಂತು. ಬುದ್ಧಿಶಕ್ತಿ ಸರಿಯಾಗಿ ಉಳಿದವರು ಎರಡು ಭಾಷೆಯವರಲ್ಲಿ ನೂರಕ್ಕೆ 40ರಷ್ಟು, ಒಂದು ಭಾಷೆಯವರಲ್ಲಿ 20ರಷ್ಟು. ಆದರೆ ಮಾತು ಹೋಗುವ ಪ್ರಮಾಣದಲ್ಲಿ ಇಬ್ಬರಿಗೂ ಅಂತರವಿರಲಿಲ್ಲ. ಎರಡು ಭಾಷೆ ಬಂದರೆ ಲಕ್ವಾ ಬಾರದು ಎಂದು ಯಾರೂ ಹೇಳಿಲ್ಲ, ನೀವೂ ಹಾಗೆ ತಿಳಿಯಬೇಡಿ. ಮಗುವಿನ ತಲೆಗೆ ಎರಡು ಭಾಷೆ ಭಾರವಾಗುತ್ತದೆ, ಮನೆಯಲ್ಲಿ ಕನ್ನಡ ಬಿಡಿ ಎಂದು ನನ್ನ ತಂದೆಗೆ ಹೇಳಿದವರಿದ್ದರು. ಅವರಿಗೆ ಈ ಅಂಕಿಗಳನ್ನು ತೋರಿಸುವ ಆಸೆ ನನಗುಂಟು.

ನನ್ನ ಹೆಂಡತಿ ಮೊದಲ ಎರಡು ತಿಂಗಳು "ಹಾಲು" ಒಂದನ್ನೇ ಅನ್ನುತ್ತಿದ್ದಳು. ನೀರು ಬೇಕಾದರೂ ಹಾಲು, ಚಾದರ ಬೇಕಾದರೂ ಹಾಲು. ತಪ್ಪೆಂದು ಅವಳಿಗೇ ತಿಳಿದು ಹಣೆ ಚಚ್ಚಿಕೊಳ್ಳುವಳು. ಒಂದು ದಿನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕಿ ಜೋಗುಳ ಎತ್ತಿದಳು. ಪೂರಾ ಹಾಡಿದಳು, ಒಂದು ಅಕ್ಷರ ತಪ್ಪಲಿಲ್ಲ. ಹಾಡು ಮುಗಿದೊಡನೆ ಮತ್ತೆ "ಹಾಲು". ನಾವೆಲ್ಲ ಬೆರಗಾದೆವು. ಇಂಥ ರೋಗಿಗಳಲ್ಲಿ ಹಾಡು, ಎಣಿಕೆ, ಬೈಗುಳ ಉಳಿದಿರುವುದು ಅಪರೂಪವಲ್ಲ, ಬಲಮಿದುಳಿನ ನೆರವೂ ಅದಕ್ಕೆ ಇರಬಹುದು ಎಂದು ಮಾತಿನ ಚಿಕಿತ್ಸೆ ಕೊಡುವ ಬಾಯಿ ಹೇಳಿದರು. ಅಂದಿನಿಂದ ಮಾತನ್ನು ರಾಗ ಮಾಡಿ ಹೇಳಿಸತೊಡಗಿದೆವು. ಆರು ತಿಂಗಳಿಗೆ ಸಣ್ಣ ವಾಕ್ಯ ಬಂದವು, ಕನ್ನಡದ ನಾಲ್ಕು, ಮರಾಠಿಯ ನಾಲ್ಕು, ಒಂದರೊಳಗೊಂದು ಸೇರಿ.

ಈಗ ಎಡಗೈಯಿಂದ ರೊಟ್ಟಿ ಬಡಿಯುತ್ತಾಳೆ. ಬುಟ್ಟಿಗೆ ಹಾಕುವಾಗ "ಏಕ್, ದೋನ್, ತೀನ್" ಎಂದು ಎಣಿಸುತ್ತಾಳೆ. ನಾನು ನಡುವೆ ಕೈಹಾಕಿ ಒಂದು ತೆಗೆದರೆ ಬೈಯುತ್ತಾಳೆ, ಕನ್ನಡದಲ್ಲಿ.