ರಿಪೋರ್ಟಿನ ಎರಡನೇ ಪುಟ

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಐರೋಳಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಡೊಂಬಿವಲಿ ಪೂರ್ವದಲ್ಲಿ ಮನೆ. ಇವತ್ತು ಮಾತಾಡೋದು ನಮ್ಮಪ್ಪನ ದೊಡ್ಡಕರುಳಿನ ಕ್ಯಾನ್ಸರ್ ಬಗ್ಗೆ, ಅದರಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ.

ಅಪ್ಪ ಧಾರವಾಡದಲ್ಲಿದ್ರು. ಮಲದಲ್ಲಿ ರಕ್ತ ಹೋಗ್ತಿತ್ತು. ಮೂಲವ್ಯಾಧಿ ಇರಬೇಕು ಅಂತ ಆರು ತಿಂಗಳು ಅದಕ್ಕೇ ಔಷಧ ತಗೊಂಡ್ರು. ನಾಚಿಕೆಗೆ ನಮಗೆ ಹೇಳಲೇ ಇಲ್ಲ. ಸುಸ್ತು ಜಾಸ್ತಿಯಾದಾಗ ಇಲ್ಲಿಗೆ ಕರ್ಕೊಂಡು ಬಂದೆ. ಹಿಮೋಗ್ಲೋಬಿನ್ 8. ಕೊಲೊನೋಸ್ಕೋಪಿಯಲ್ಲಿ ಗಡ್ಡೆ ಕಾಣಿಸ್ತು. ಬಯಾಪ್ಸಿ, ಸಿಟಿ ಸ್ಕ್ಯಾನ್ ಮುಗಿಸಿ ಕಲ್ಯಾಣ ಕಡೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದ್ವಿ. ಚೆನ್ನಾಗೇ ಆಯ್ತು.

ಎರಡು ವಾರಕ್ಕೆ ಪೆಥಾಲಜಿ ರಿಪೋರ್ಟ್ ವಾಟ್ಸಾಪ್‌ಗೆ ಬಂತು. ಮೊದಲ ಪುಟದಲ್ಲಿ ‘ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ’ ಅಂತಿತ್ತು. ಅಷ್ಟು ಓದಿ ಖುಷಿಯಾಗಿ ಮುಚ್ಚಿಟ್ಟೆ. ಏನಾದ್ರೂ ಇದ್ರೆ ಆಸ್ಪತ್ರೆಯವರೇ ಫೋನ್ ಮಾಡ್ತಾರೆ ಅಂದ್ಕೊಂಡೆ. ನಾವೇ ರಿಪೋರ್ಟ್ ಹಿಡ್ಕೊಂಡು ಬರ್ತೀವಿ ಅಂತ ಅವರು ಅಂದ್ಕೊಂಡಿದ್ರು. ಆಫೀಸಿನಲ್ಲಿ ಒಂದು ಸಣ್ಣ ಬಗ್ ಬಂದ್ರೂ ಅದು ಯಾರ ಹೆಸರಲ್ಲಿದೆ ಅಂತ ಕೇಳೋನು ನಾನು. ಇದು ಯಾರ ಹೆಸರಲ್ಲೂ ಇರಲಿಲ್ಲ.

ಐದನೇ ವಾರ ನನ್ನ ಹೆಂಡತಿ ಇನ್ಶೂರೆನ್ಸ್ ಕ್ಲೈಮಿಗೆ ಕಾಗದ ಅಪ್‌ಲೋಡ್ ಮಾಡೋವಾಗ ಎರಡನೇ ಪುಟ ಓದಿದಳು. ಪರೀಕ್ಷಿಸಿದ 14 ಲಿಂಫ್ ನೋಡ್‌ಗಳಲ್ಲಿ ಎರಡರಲ್ಲಿ ಕ್ಯಾನ್ಸರ್. ಅಂದ್ರೆ ಮೂರನೇ ಹಂತ. ಆ ಹೊತ್ತಿಗೆ ಅಪ್ಪ ಊರಿಗೆ ಹೊರಡೋಕೆ ಬ್ಯಾಗ್ ತುಂಬ್ತಿದ್ರು.

“ಗಡ್ಡಿ ತಗದ್ರಲ್ಲಪಾ, ಇನ್ನೇನ್ ಉಳೀತು?” ಅಂದ್ರು.

“ಅಪ್ಪಾ, ಒಂದ್ ವಾರ ಇರ್ರಿ, ಕೇಳ್ಕೊಂಡ್ ಬರೋಣು,” ಅಂದೆ.

ಮರುದಿನವೇ ಕ್ಯಾನ್ಸರ್ ತಜ್ಞರ ಹತ್ತಿರ ಹೋದ್ವಿ. ಅವರು ಹೇಳಿದ್ದು ಇಷ್ಟು. ಕಣ್ಣಿಗೆ ಕಂಡ ಗಡ್ಡೆ ಹೋಗಿದೆ, ಕಾಣದ ಕಣಗಳು ಉಳಿದಿರಬಹುದು. ಅದಕ್ಕೇ ಮೂರನೇ ಹಂತದ ದೊಡ್ಡಕರುಳಿನ ಕ್ಯಾನ್ಸರಿಗೆ ಆಪರೇಷನ್ ನಂತರ ಕೀಮೋ ಕೊಡಬೇಕು, ಸಾಧ್ಯವಾದಷ್ಟು 8 ವಾರದೊಳಗೆ ಶುರು ಮಾಡಬೇಕು ಅನ್ನುತ್ತೆ ಮಾರ್ಗಸೂಚಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ‘ಜಾಮಾ’ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಪ್ರತಿ 4 ವಾರದ ವಿಳಂಬಕ್ಕೆ ಸಾವಿನ ಅಪಾಯ ಸುಮಾರು 14 ಶೇಕಡ ಏರಿದ್ದು ಕಂಡಿತ್ತು. ನೂರರಲ್ಲಿ 14 ಜನ ಹೆಚ್ಚು ಸಾಯ್ತಾರೆ ಅಂತಲ್ಲ, ಇರೋ ಅಪಾಯ ಅಷ್ಟು ಪಾಲು ಏರುತ್ತೆ ಅಂತ. ತಡವಾಗಿ ಶುರು ಮಾಡಿದವರಲ್ಲಿ ಕೆಲವರು ಮೊದಲೇ ಹೆಚ್ಚು ಕಾಯಿಲೆಯವರಿರಬಹುದು, ಅದೂ ನಿಜ. ಆದರೆ ನಮ್ಮ ವಿಳಂಬಕ್ಕೆ ಅಂಥ ಕಾರಣ ಇರಲಿಲ್ಲ. ಓದದೇ ಬಿಟ್ಟ ಪುಟ ಅಷ್ಟೇ ಕಾರಣ.

ಮಾರ್ಗಸೂಚಿ ಅಂದ್ರೆ ಎಲ್ಲರಿಗೂ ಜಾಸ್ತಿ ಔಷಧ ಸುರಿಯೋದು ಅಂದ್ಕೊಂಡಿದ್ದೆ. ಹಾಗಲ್ಲ. ಮೊದಲು ಇಂಥವರಿಗೆ 6 ತಿಂಗಳ ಕೀಮೋ ಇತ್ತು. 2018ರಲ್ಲಿ ಪ್ರಕಟವಾದ ‘ಐಡಿಯಾ’ ಅಧ್ಯಯನದ ನಂತರ, ಅಪ್ಪನಂಥ ಕಡಿಮೆ ಅಪಾಯದ ಮೂರನೇ ಹಂತಕ್ಕೆ 3 ತಿಂಗಳು ಸಾಕಾಗಬಹುದು ಅಂತಾಯ್ತು. ಆ ಮೂರು ತಿಂಗಳಲ್ಲೇ ಅಪ್ಪನ ಬೆರಳು ಜುಮುಜುಮು ಅನ್ನೋಕೆ ಶುರುವಾಗಿ, ತಣ್ಣನೆಯ ಸ್ಟೀಲ್ ಲೋಟ ಮುಟ್ಟೋಕಾಗ್ತಿರಲಿಲ್ಲ. ಆರು ತಿಂಗಳಾಗಿದ್ರೆ? ಯೋಚಿಸಿ.

ನಮ್ಮ ದೇಶದ್ದೇ ಮಾರ್ಗಸೂಚಿ ಇದೆ. ಟಾಟಾ ಮೆಮೋರಿಯಲ್ ಮುಂದಾಳತ್ವದಲ್ಲಿ 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಅದನ್ನು ಎಲ್ಲರಿಗೂ ಸಿಗೋ ಹಾಗೆ ಪ್ರಕಟಿಸುತ್ತೆ. ಎರಡನೇ ಅಭಿಪ್ರಾಯ ಬೇಕಾದ್ರೆ ಪರೇಲ್‌ವರೆಗೇ ಹೋಗಬೇಕಂತಿಲ್ಲ. ಅದೇ ಸಂಸ್ಥೆಯ ಆಕ್ಟ್ರೆಕ್ ಖಾರ್ಘರ್‌ನಲ್ಲಿದೆ, ಠಾಣೆಯಿಂದ ಪನ್ವೇಲ್ ಲೋಕಲ್ ಹಿಡಿದರಾಯ್ತು.

ಡಾಕ್ಟರ ಜೊತೆ ಜಗಳ ಬೇಡ, ಪ್ರಶ್ನೆ ಸಾಕು. ಎಷ್ಟು ಲಿಂಫ್ ನೋಡ್ ಪರೀಕ್ಷೆ ಮಾಡಿದ್ರು? ಕನಿಷ್ಠ 12 ಇರಬೇಕು. ಯಾವ ಹಂತ? ಎಂಎಂಆರ್ ಪರೀಕ್ಷೆ ಆಯ್ತಾ? ವಂಶದಲ್ಲಿ ಬರೋ ಲಿಂಚ್ ಸಿಂಡ್ರೋಮ್ ಅನುಮಾನ ಅದರಲ್ಲಿ ಗೊತ್ತಾಗುತ್ತೆ. ಗುದನಾಳದ ಗಡ್ಡೆಯಾದ್ರೆ ಆಪರೇಷನ್‌ಗೆ ಮೊದಲು ಎಂಆರ್‌ಐ ಆಯ್ತಾ? ಮುಂದಿನ ಚಿಕಿತ್ಸೆ ಯಾರು, ಯಾವತ್ತು ಶುರು ಮಾಡ್ತಾರೆ? ವಯಸ್ಸು, ಹೃದಯದ ತೊಂದರೆ ಅಂತ ಡಾಕ್ಟರು ಮಾರ್ಗಸೂಚಿಯಿಂದ ಬೇರೆ ದಾರಿ ಹಿಡಿಯಬಹುದು. ಅದು ಸರಿಯಾಗೇ ಇರಬಹುದು. ಕಾರಣ ಕೇಳಿ, ಬರೆದಿಟ್ಕೊಳ್ಳಿ.

ಅಪ್ಪನ ಕೀಮೋ ಏಳನೇ ವಾರ ಶುರುವಾಯ್ತು. ಈಗ ಎರಡು ವರ್ಷ ಕಳೆದಿದೆ. ಸಿಇಎ ರಕ್ತಪರೀಕ್ಷೆ, ಸ್ಕ್ಯಾನ್, ಒಂದು ವರ್ಷಕ್ಕೆ ಮಾಡಿಸಬೇಕಾದ ಕೊಲೊನೋಸ್ಕೋಪಿ, ಯಾವುದೂ ತಪ್ಪಿಲ್ಲ. ಐದು ವರ್ಷದ ಪಟ್ಟಿ ಇನ್ನೂ ಬಾಕಿ ಇದೆ, ಹಾಗಾಗಿ ಗೆದ್ವಿ ಅಂತ ನಾನು ಹೇಳಲ್ಲ. ತಂದೆಗೆ ಬಂದಿದ್ರೆ ಮಕ್ಕಳು 40ರಿಂದ ಪರೀಕ್ಷೆ ಮಾಡಿಸ್ಕೋಬೇಕು ಅಂದ್ರು. ನನಗೆ 42. ಹೋಗಿ ಮಾಡಿಸ್ಕೊಂಡೆ, ಒಂದು ಸಣ್ಣ ಪಾಲಿಪ್ ತೆಗೆದ್ರು.

ಅಪ್ಪ ಈಗ ಧಾರವಾಡದಲ್ಲೇ ಇದ್ದಾರೆ. ಪರೀಕ್ಷೆಯ ತಾರೀಖುಗಳನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಅವರೇ ಗುರುತು ಹಾಕ್ಕೋತಾರೆ. ರಿಪೋರ್ಟ್ ಬಂದ ಕೂಡಲೇ ಫೋನ್ ಮಾಡಿ ಕೇಳ್ತಾರೆ, “ಎರಡನೇ ಪುಟಾ ಓದಿದೇನಪಾ?”

ನೀವೂ ಓದಿ.