ಹೆಸರು ಎಣಿಸಿ ಇಂಟರ್ನೆಟ್ ಅಳೆದ ಕಥೆ



ಇಂಟರ್ನೆಟ್ ಎಷ್ಟು ದೊಡ್ಡದು? ಒಂದು ಕಾಲಕ್ಕೆ ಇದಕ್ಕೆ ಉತ್ತರ ಒಂದೇ ಕಡತದಲ್ಲಿ ಸಿಗುತ್ತಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಜಾಲಕ್ಕೆ ಸೇರಿದ ಕಂಪ್ಯೂಟರುಗಳ ಹೆಸರನ್ನೆಲ್ಲ ಪಟ್ಟಿ ಮಾಡಿಡುತ್ತಿತ್ತು. 1981ರ ಆಗಸ್ಟ್‌ನಲ್ಲಿ ಜಾಲದಲ್ಲಿದ್ದದ್ದು 213 ಯಂತ್ರ, ಅಷ್ಟೇ. ಜಾಲ ಬೆಳೆದಂತೆ ಆ ಪಟ್ಟಿ ಕೈಮೀರಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡೊಮೇನ್ ನೇಮ್ ವ್ಯವಸ್ಥೆ ರೂಪಿಸಿದರು. ಹೆಸರಿಡುವ ಅಧಿಕಾರ ಒಂದು ಕಡೆ ನಿಲ್ಲದೆ ಹಂಚಿಹೋಯಿತು. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಕಂಪನಿ ಮೊದಲ ಡಾಟ್ ಕಾಮ್ ಹೆಸರು ಪಡೆಯಿತು.

ಪಟ್ಟಿ ಚದುರಿದ ಮೇಲೆ ಎಣಿಸುವುದು ಹೇಗೆ? ಮಾರ್ಕ್ ಲಾಟರ್ ಒಂದು ಪ್ರೋಗ್ರಾಂ ಬರೆದರು. ಅದು ಒಂದು ಡೊಮೇನಿನ ಸರ್ವರ್‌ಗೆ ಹೋಗಿ "ನಿನ್ನ ಕೆಳಗೆ ಯಾರ್ಯಾರಿದ್ದಾರೆ?" ಎಂದು ಕೇಳುತ್ತಿತ್ತು. ಸರ್ವರ್ ಕೊಟ್ಟ ಪಟ್ಟಿ ಹಿಡಿದು ಅವರ ಕೆಳಗಿನವರನ್ನು, ಮತ್ತೆ ಅವರ ಕೆಳಗಿನವರನ್ನು ಕೇಳುತ್ತಿತ್ತು. 1992ರ ಜನವರಿಗೆ ಲೆಕ್ಕ 7 ಲಕ್ಷ 27 ಸಾವಿರ ಮುಟ್ಟಿತು. ಕೇಳಿದವರಿಗೆ ತಮ್ಮ ಪೂರ್ತಿ ಪಟ್ಟಿ ಕೊಟ್ಟುಬಿಡುವ ಆ ಕಾಲದ ಧಾರಾಳ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ. ಆಮೇಲೆ ಭದ್ರತೆಯ ಭಯ ಬಂತು, ಅನೇಕ ಸರ್ವರ್‌ಗಳು ಪಟ್ಟಿ ಕೊಡಲು ಒಪ್ಪಲಿಲ್ಲ. 1998ರಿಂದ ಎಣಿಕೆಯ ದಾರಿಯನ್ನೇ ತಿರುಗಿಸಿ, ಯಂತ್ರದ ಅಂಕಿ-ವಿಳಾಸ ಹಿಡಿದು ಅದರ ಹೆಸರು ಹುಡುಕತೊಡಗಿದರು. 2019ರಲ್ಲಿ ಆ ಸಮೀಕ್ಷೆ ನಿಲ್ಲುವಾಗ ಸಂಖ್ಯೆ 100 ಕೋಟಿ ದಾಟಿತ್ತು.

ಯಂತ್ರಗಳ ಬದಲು ಡೊಮೇನ್ ಹೆಸರುಗಳನ್ನೇ ಎಣಿಸಿದರೆ? ಭಾರತದ ಡಾಟ್ ಇನ್ ಹುಟ್ಟಿದ್ದು 1989ರಲ್ಲಿ. 2005ರಲ್ಲಿ ಎಲ್ಲರಿಗೂ ಬಾಗಿಲು ತೆರೆಯುವವರೆಗೆ ಅಲ್ಲಿ ಸುಮಾರು 7,000 ಹೆಸರುಗಳಿದ್ದವು. 2010ಕ್ಕೆ 6 ಲಕ್ಷ ಮೀರಿದವು. ಐದು ವರ್ಷದಲ್ಲಿ ದೇಶದ ಇಂಟರ್ನೆಟ್ ಎಂಬತ್ತು ಪಟ್ಟು ಬೆಳೆಯಿತೆ? ಇಲ್ಲ, ನಿಯಮ ಸಡಿಲವಾಯಿತು. ಈ ಎಣಿಕೆಯಲ್ಲಿ ಮಾರುವ ಆಸೆಗೆ ಕೊಂಡು ಖಾಲಿ ಬಿಟ್ಟ ಹೆಸರೂ ಒಂದು, ದಿನಕ್ಕೆ ಸಾವಿರಾರು ಜನ ಬರುವ ತಾಣವೂ ಒಂದೇ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಲಾಟ್ ಎಷ್ಟು ಬಂದವು ಎಂದು ಮಾತ್ರ ಕೇಳಿ, ತೂಕ ಕೇಳದೆ ಹೋದರೆ ನೂಲು ತೆಗೆಯುವ ಯಾವ ರೀಲರ್ ಆದರೂ ಒಪ್ಪುತ್ತಾನೆಯೇ?

ಕೆಲವೊಮ್ಮೆ ಲೆಕ್ಕ ತೀರಾ ಕಡಿಮೆಯೂ ಆಗುತ್ತದೆ. ನಮ್ಮ ರಾಮನಗರದ ಭಾಗದ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ರಾಮನಗರ, ಚನ್ನಪಟ್ಟಣ, ಕನಕಪುರದ ನಗರಸಭೆಗಳಿಗೂ ಮಾಗಡಿಯ ಪುರಸಭೆಗೂ ವೆಬ್ ತಾಣ ಮಾಡಿದಾಗ, ರಾಜ್ಯದ ಉಳಿದ ಊರುಗಳ ಜೊತೆ ಎಂಆರ್‌ಸಿ ಡಾಟ್ ಗವ್ ಡಾಟ್ ಇನ್ ಎಂಬ ಒಂದೇ ಹೆಸರಿನಡಿ ಸೇರಿಸಿದರು. ಮಾಗಡಿಯ ರೈತ ಪಹಣಿ ನೋಡುವ ಭೂಮಿ ತಾಣವೂ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಅಡಿಯಲ್ಲೇ ಇದೆ. ಡೊಮೇನ್ ಎಣಿಸುವವರ ಪುಸ್ತಕದಲ್ಲಿ ಇಷ್ಟೆಲ್ಲ ಸೇರಿ ಎರಡೇ ಹೆಸರು.

ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಲೇತ್‌ಗೆ ಕೊಟ್ಟು, ತಿರುಗುವಾಗಲೇ ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ಹೊಳಪು ತರುವ ಬೊಂಬೆ ಕುಶಲಕರ್ಮಿಯ ಅಂಗಡಿಗೆ ಹೋಗಿ. ವಾಟ್ಸಾಪ್ ನಂಬರ್ ಇರುತ್ತದೆ, ಹಣ ಕಟ್ಟುವ ಕ್ಯೂಆರ್ ಕೋಡ್ ಇರುತ್ತದೆ. ಸ್ವಂತ ಡೊಮೇನ್ ಇರುವುದು ಅಪರೂಪ. ಫೋಟೋ ಕಳಿಸಿ ದೂರದೂರಿಗೆ ಬೊಂಬೆ ಮಾರಿದರೂ ಆ ವ್ಯಾಪಾರ ಲೆಕ್ಕಕ್ಕೆ ಸಿಗುವುದಿಲ್ಲ. ಇದು ನನಗೆ ನೋವಿನ ಸಂಗತಿ. ಎಣಿಕೆಗೆ ಸಿಗದವರು ಯೋಜನೆಗೂ ಸಿಗುವುದಿಲ್ಲ.

ಇಂಥವರು ಬೇಕಾದರೆ ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ಕೊನೆಯಿರುವ ಹೆಸರು ಪಡೆಯಬಹುದು. ಸರ್ವರ್ ಒಳಗೆ ಆ "ಭಾರತ" ಇರುವುದು ಎಕ್ಸ್‌ಎನ್, ಎರಡು ಅಡ್ಡಗೆರೆ, 2ಎಸ್‌ಸಿಆರ್‌ಜೆ9ಸಿ ಎಂಬ ಸಂಕೇತವಾಗಿ. ಹಾಗಾಗಿ ಕನ್ನಡದ ಹೆಸರುಗಳನ್ನು ಬೇರೆ ಲಿಪಿಯವುಗಳಿಂದ ಬೇರ್ಪಡಿಸಿ ಎಣಿಸುವುದು ಸುಲಭ. ಆದರೆ ಅಷ್ಟಕ್ಕೇ ನಿಲ್ಲಬಾರದು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಪಟ್ಟಿ ಮಾಡಲಿ: ನಾಲ್ಕು ತಾಲ್ಲೂಕುಗಳ ಪಂಚಾಯಿತಿ, ಹಾಲಿನ ಸಂಘ, ಶಾಲೆ, ಅಂಗಡಿಗಳು ಜಾಲದಲ್ಲಿ ಯಾವ ವಿಳಾಸದಲ್ಲಿ ಸಿಗುತ್ತವೆ, ಪುಟ ತೆರೆಯುತ್ತದೆಯೇ, ಕನ್ನಡದಲ್ಲಿದೆಯೇ, ಕೊನೆಯ ಬಾರಿ ತಿದ್ದಿದ್ದು ಯಾವಾಗ. ಚನ್ನಪಟ್ಟಣದ ಬೊಂಬೆ ಅಂಗಡಿಗಳಿಂದಲೇ ಶುರುಮಾಡಬಹುದು.