ಅಪ್ಪನ ಹೆಸರಿನ ಕಾಲಂ

ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಕಾಡಿಸುತ್ತಾರೆ ಅಂದರೆ ನಮ್ಮ ಕಡೆ ಮೊದಲು ಬರುವ ಮಾತು, 'ಹುಡುಗರಾಟ ಬಿಡ್ರಿ.' ಇವತ್ತು ಅವನು ತಳ್ಳಿದ, ನಾಳೆ ಇವನು ತಳ್ಳಿದ, ಅದು ಹುಡುಗರಾಟ, ಸಂಜೆಗೆ ಮುಗಿಯುತ್ತದೆ. ನಾರ್ವೆಯಲ್ಲಿ ದಶಕಗಳ ಕಾಲ ಮಕ್ಕಳ ಈ ಕಾಡಾಟವನ್ನೇ ಅಧ್ಯಯನ ಮಾಡಿದ ಡಾನ್ ಓಲ್ವೇಯಸ್ ಬೇರೆಯದನ್ನು ಗುರುತಿಸಿದರು: ಬೇಕೆಂದೇ, ಮತ್ತೆಮತ್ತೆ, ತಿರುಗಿ ನಿಲ್ಲಲಾಗದವರನ್ನೇ ಆರಿಸಿ ನೋಯಿಸುವುದು.

ತಿರುಗಿ ನಿಲ್ಲಲಾಗದವರು ಯಾರು? ಹೊಸಪೇಟೆ, ಸಂಡೂರು, ಕೂಡ್ಲಿಗಿ ಸೀಮೆಯಲ್ಲಿ ದೇವದಾಸಿ ತಾಯಂದಿರ ಮಕ್ಕಳನ್ನು ನೆನೆಯಿರಿ. ಹುಡುಗಿಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದು 1982ರ ಕಾಯ್ದೆಯಿಂದಲೇ ಅಪರಾಧ. ಆದರೆ ಹೇಳಲು ಅಪ್ಪನ ಹೆಸರಿಲ್ಲದ ಮಗು ಶಾಲೆಗೆ ಬಂದರೆ ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಕಾದಿರುತ್ತಿತ್ತು. ಮೇಷ್ಟ್ರು ತರಗತಿ ತುಂಬ ಕೇಳುವಂತೆ, 'ನಿಮ್ಮಪ್ಪನ ಹೆಸರೇನೋ?' ಅನ್ನುತ್ತಾರೆ. ಹುಡುಗ ಅಂಗಿಯ ಗುಂಡಿ ತಿರುವುತ್ತ ನಿಲ್ಲುತ್ತಾನೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಅದೇ ಪ್ರಶ್ನೆ, ಈಗ ಹುಡುಗರ ಬಾಯಲ್ಲಿ. ಮೇಷ್ಟ್ರಿಗೆ ಕೆಟ್ಟ ಮನಸ್ಸಿಲ್ಲ, ನಮೂನೆ ತುಂಬಬೇಕಿತ್ತು ಅಷ್ಟೆ. ಆದರೂ ಕಲ್ಲನ್ನು ಮಕ್ಕಳ ಕೈಗೆ ಕೊಟ್ಟವರು ದೊಡ್ಡವರೇ. 'ಸ್ಕಾಲರ್‌ಶಿಪ್ ಹುಡುಗರೆಲ್ಲ ಎದ್ದು ನಿಲ್ಲಿ' ಅನ್ನುವುದೂ ಇದೇ ಜಾತಿಯದು; ಜಾತಿ ಅನ್ನುವ ಮಾತನ್ನು ಬೇಕೆಂದೇ ಬಳಸಿದ್ದೇನೆ.

2025ರಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆ, ಈ ಮಕ್ಕಳ ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎಂದಿತು. ತಡವಾಯಿತು, ಸರಿಯಾಯಿತು. ಆದರೆ ಕಾಲಂ ಹೋದ ಮಾತ್ರಕ್ಕೆ ಹಿಂದಿನ ಬೆಂಚಿನ ನಗು ನಿಲ್ಲುವುದಿಲ್ಲ.

ಆ ನಗುವಿಗೆ ಬೆತ್ತ ಮದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೊಡೆತವನ್ನು ನಿಷೇಧಿಸಿದೆ. ಹೊಡೆಸಿಕೊಂಡವನು ಕಲಿಯುವುದು ಬಲವಿದ್ದವರು ಹೊಡೆಯಬಹುದು ಎಂಬುದನ್ನೇ. ಕಾಡಾಟ ತಡೆಯಲೆಂದೇ ಇರುವ ಫಿನ್ಲೆಂಡಿನ ಶಾಲೆಗಳ ಕೀವಾ ಕಾರ್ಯಕ್ರಮ ಸುತ್ತ ನಿಂತು ನೋಡುವ ಮಕ್ಕಳ ಮೇಲೇ ಮುಖ್ಯವಾಗಿ ಗಮನವಿಟ್ಟಿತು. ಕಾಡಿಸುವವನಿಗೆ ಬೇಕಾದದ್ದು ಅವರ ನಗು. ಅದು ಸಿಗದಿದ್ದರೆ ಅವನ ಹುಮ್ಮಸ್ಸು ಅರ್ಧ ಇಳಿಯುತ್ತದೆ. ಕಂಪ್ಲಿ ಬಸ್ಸಿನ ಹಿಂದಿನ ಸೀಟಿನಲ್ಲೂ, ಮೊಬೈಲಿನ ಗ್ರೂಪಿನಲ್ಲೂ ಲೆಕ್ಕ ಇದೇ.

ಶಿಕ್ಷಕರಲ್ಲಿ ಒಂದು ವಿನಂತಿ: ಕಾಡಿಸಿದವನನ್ನೂ ನೊಂದವನನ್ನೂ ಎದುರುಬದುರು ನಿಲ್ಲಿಸಿ ಕೈ ಕುಲುಕಿಸಿ ರಾಜಿ ಮಾಡಿಸಬೇಡಿ. ಸರಿಸಮಾನರಿಗೆ ರಾಜಿ ಸರಿ, ಹೆದರಿದ ಮಗುವಿಗೆ ಅದು ಇನ್ನೊಂದು ಶಿಕ್ಷೆ. ನೊಂದವನನ್ನು ಬೇರೆಯಾಗಿ ಕೂರಿಸಿ ಕೇಳಿ, ಬರೆದಿಡಿ, ವಾರ ಬಿಟ್ಟು ಮತ್ತೆ ಕೇಳಿ. ತಾಯ್ತಂದೆಯರೇ, ಶಾಲೆ ಕೈಚೆಲ್ಲಿದರೆ ಮಕ್ಕಳ ಸಹಾಯವಾಣಿ 1098 ಇದೆ.

ಇನ್ನು ಪಂಚಾಯಿತಿಯವರಿಗೆ. ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಕುಡಿಯುವ ನೀರು, ಕಾಂಪೌಂಡ್ ಬಗ್ಗೆ ಕೇಳುತ್ತೀರಿ, ಕೇಳಲೇಬೇಕು. ಈ ಸಲ ಶಾಲೆಯಲ್ಲಿ ಯಾವ ಜಾಗಕ್ಕೆ ಹೋಗಲು ಹೆದರಿಕೆಯಾಗುತ್ತದೆ ಎಂದೂ ಕೇಳಿ. ಹೆಸರು ಹಾಕದೆ ಚೀಟಿಯಲ್ಲಿ ಬರೆದುಕೊಡಲು ಹೇಳಿ.